ನೂರಿಪ್ಪತ್ತೆಂಟರ ಕೆಲಸ ಎಂಟರಲ್ಲಿ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ಕಡಲೆಕಾಯಿ ಬೆಳೆಗಾರನು ಬೀಜ, ಗೊಬ್ಬರ ಎರಡನ್ನೂ ಒಮ್ಮೆಗೇ ಬದಲಿಸಿದರೆ, ಹೆಚ್ಚಿದ ಇಳುವರಿಯ ಕೀರ್ತಿ ಯಾವುದಕ್ಕೆ ಸಲ್ಲಬೇಕು? ಇಂಥ ಹೊಲದ ಪ್ರಶ್ನೆಗಳಿಂದಲೇ ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ ಫಿಷರರ ಪ್ರಯೋಗಶಾಸ್ತ್ರ ಹುಟ್ಟಿತು. ಅದನ್ನು ಬೆಳೆಸಿದವರಲ್ಲಿ, 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರೂ ಒಬ್ಬರು. ಯಾವ ಎರಡು ಅಂಶಗಳನ್ನು ತೆಗೆದುಕೊಂಡರೂ ಅವುಗಳ ಜೋಡಿಗಳೆಲ್ಲ ಸಮನಾಗಿ ಬರುವ ಕೋಷ್ಟಕಗಳ ಶಾಸ್ತ್ರವನ್ನು ಅವರು 1947ರಲ್ಲಿ ವಿಸ್ತರಿಸಿದರು.

ಔಷಧ ತಯಾರಿಕೆಗೂ ಇದೇ ಲೆಕ್ಕ. ಶಾಖ, ಕಾಲ, ದ್ರಾವಕ ಮೊದಲಾದ ಏಳು ಅಂಶಗಳನ್ನು ಎರಡೆರಡು ಮಟ್ಟಗಳಲ್ಲಿ ಪೂರ್ಣವಾಗಿ ಪರೀಕ್ಷಿಸಲು 128 ಪ್ರಯೋಗ ಬೇಕು. ಇಂಥ ಕೋಷ್ಟಕವಿದ್ದರೆ ಒಂದೊಂದರ ಪ್ರಭಾವವನ್ನು ಅಳೆಯಲು ಎಂಟು ಸಾಕು. ಬೆಲೆಬಾಳುವ ಸರಕೂ ಸಮಯವೂ ಉಳಿಯುತ್ತವೆ. ಆದರೆ ಎಚ್ಚರ ಬೇಕು: ಎರಡು ಅಂಶಗಳು ಕೂಡಿ ಮಾಡಿದ ಕೆಲಸ ಮೂರನೆಯದರ ಹೆಸರಿಗೆ ಜಮೆಯಾಗಬಹುದು. ಎಂಟರಲ್ಲಿ ಕಂಡ ದಾರಿಯನ್ನು ಮತ್ತೆ ಕೆಲವು ಪ್ರಯೋಗಗಳ ಒರೆಗೆ ಹಚ್ಚುವುದೇ ಜಾಣತನ.