ದಂತದ ಮರಿಯಮ್ಮ ಮತ್ತು ಹಿಮದ ನಾಡಿನ ರೈತರು

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಆನೆದಂತದ ಒಂದು ಮೂರ್ತಿ ಇದೆ. ಎತ್ತರ 41 ಸೆಂಟಿಮೀಟರ್. ಮಾತೆ ಮರಿಯಮ್ಮ ಬಾಲ ಯೇಸುವನ್ನು ಎತ್ತಿಕೊಂಡು ನಿಂತಿದ್ದಾಳೆ. ಮಗು ಎತ್ತಿಕೊಂಡ ತಾಯಿ ಒಂದು ಪಕ್ಕಕ್ಕೆ ವಾಲುತ್ತಾಳಲ್ಲ, ಇವಳೂ ಹಾಗೆಯೇ ವಾಲಿದ್ದಾಳೆ. 1260-70ರ ಸುಮಾರಿನ ಕೆಲಸ ಇದು. ಫ್ರಾನ್ಸಿನ ದೊರೆ 9ನೇ ಲೂಯಿ ಕಟ್ಟಿಸಿದ ಸೇಂಟ್ ಶಾಪೆಲ್ ಎಂಬ ಚರ್ಚಿನ ಭಂಡಾರದಲ್ಲಿತ್ತು.

ಆ ವಾಲಿಕೆಗೆ ಒಂದು ಕಾರಣ ದಂತವೇ. ಆನೆಯ ದಂತ ನೇರ ಇರುವುದಿಲ್ಲ, ಬಾಗಿರುತ್ತದೆ. ಕೆತ್ತುವವನು ಆ ಬಾಗನ್ನು ಬಿಟ್ಟುಕೊಡದೆ ಮೈಯ ಬಾಗಾಗಿ ಬಳಸಿಕೊಂಡಿದ್ದಾನೆ. ಆ ಕಾಲದ ಕಲ್ಲಿನ ಮೂರ್ತಿಗಳೂ ಹೀಗೆ ವಾಲುತ್ತಿದ್ದವು, ಹಾಗಾಗಿ ಇದು ಆಗಿನ ರೂಢಿ ಕೂಡ ಹೌದು.

ನಾವು ಇವತ್ತು ಹೇಳಲು ಹೊರಟಿದ್ದು ಮೂರ್ತಿಯ ಕಥೆ ಮಾತ್ರವಲ್ಲ. ಪ್ಯಾರಿಸ್ಸಿಗೆ ಆನೆದಂತ ಬಂದಾಗ ದೂರದ ಒಂದು ನಾಡಿನ ಬದುಕಿಗೆ ಏನಾಯಿತು ಅನ್ನುವುದೂ ಇದರಲ್ಲಿದೆ.

ಕಸುಬಿನ ಕಟ್ಟುಪಾಡು

1268ರ ಸುಮಾರಿಗೆ ಪ್ಯಾರಿಸ್ಸಿನ ಅಧಿಕಾರಿ ಎತಿಯೆನ್ ಬ್ವಾಲೊ ನಗರದ ಕಸುಬುಗಳ ನಿಯಮಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಸಿದ. ದಂತದ ಮೂರ್ತಿ ಮಾಡುವವರು, ಚಾಕುವಿನ ಹಿಡಿ ಮಾಡುವವರು, ಬಾಚಣಿಗೆ ಮಾಡುವವರು ಎಲ್ಲರೂ ಅದರಲ್ಲಿದ್ದಾರೆ. ಮೂರ್ತಿಯನ್ನು ಒಂದೇ ತುಂಡಿನಲ್ಲಿ ಮಾಡಬೇಕು, ತುಂಡು ಸೇರಿಸಿ ಗಿರಾಕಿಗೆ ಮೋಸ ಮಾಡಬಾರದು ಎಂಬುದು ಒಂದು ನಿಯಮ. ಶಿಲುಬೆಯ ಮೇಲಿನ ಯೇಸುವಿನ ಮೂರ್ತಿಗೆ ಮಾತ್ರ ಮೂರು ತುಂಡಿಗೆ ಅವಕಾಶ ಇತ್ತು. ಚಾಚಿದ ಎರಡು ಕೈ ಒಂದು ದಂತದ ಅಗಲದಲ್ಲಿ ಹಿಡಿಸುವುದಿಲ್ಲವಲ್ಲ!

ದಂತದ ಬುಡದ ಕಡೆ ಟೊಳ್ಳು, ತುದಿಯ ಕಡೆ ಗಟ್ಟಿ. ಗಟ್ಟಿ ಭಾಗ ಮೂರ್ತಿಗೆ ಹೋಗುತ್ತಿತ್ತು. ಉದ್ದಕ್ಕೆ ಗರಗಸದಲ್ಲಿ ಸೀಳಿದ ಹಲಗೆಗಳಲ್ಲಿ ಯೇಸುವಿನ ಬದುಕಿನ ಘಟನೆಗಳನ್ನು ಕೆತ್ತಿ, ಎರಡನ್ನು ಕೀಲು ಹಾಕಿ ಜೋಡಿಸಿ ಪುಸ್ತಕದಂತೆ ಮಡಚುವ ಹಾಗೆ ಮಾಡುತ್ತಿದ್ದರು. ಹಣವಂತರು ಅದನ್ನು ಮನೆಯಲ್ಲಿ ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು. ಇವತ್ತು ಬರೀ ಬೆಳ್ಳಗೆ ಕಾಣುವ ಈ ಕೆತ್ತನೆಗಳ ಮೇಲೆ ಆಗ ಬಣ್ಣ, ಚಿನ್ನದ ಲೇಪ ಇರುತ್ತಿತ್ತು. ಎಷ್ಟೋ ಮೂರ್ತಿಗಳ ಮೇಲೆ ಅದರ ಗುರುತು ಇನ್ನೂ ಉಳಿದಿದೆ.

ಆನೆಗೂ ಮೊದಲು ವಾಲ್ರಸ್

ಅದಕ್ಕಿಂತ ನೂರು ವರ್ಷ ಹಿಂದೆ ಉತ್ತರ ಯುರೋಪಿನಲ್ಲಿ ಆನೆದಂತ ಸಿಗುವುದೇ ಕಷ್ಟವಿತ್ತು. ಪೂರ್ವ ಆಫ್ರಿಕಾದ ದಂತಕ್ಕೆ ಬೇರೆ ಕಡೆ ಬೇಡಿಕೆ ಇತ್ತು. ಅದು ಒಮಾನ್ ದಾಟಿ ಭಾರತಕ್ಕೆ, ಚೀನಾಕ್ಕೆ ಹೋಗುತ್ತದೆ ಎಂದು 10ನೇ ಶತಮಾನದಲ್ಲೇ ಅರಬ್ ಲೇಖಕ ಅಲ್ ಮಸೂದಿ ಬರೆದಿದ್ದಾನೆ. ಆನೆ ಇರುವ ನಮ್ಮ ದೇಶವೂ ಹೊರಗಿನಿಂದ ದಂತ ಕೊಳ್ಳುತ್ತಿತ್ತು!

ಹಾಗಾಗಿ ಉತ್ತರದವರು ವಾಲ್ರಸ್ ಎಂಬ ಪ್ರಾಣಿಯ ಕೋರೆಹಲ್ಲು ಬಳಸಿದರು. ಹಿಮಗಡಲಿನಲ್ಲಿ ಬದುಕುವ ಭಾರೀ ಪ್ರಾಣಿ ಅದು. ಅದರ ಕೋರೆ ಆನೆದಂತಕ್ಕಿಂತ ಬಹಳ ಸಣ್ಣದು, ಒಳಗಿನ ತಿರುಳೂ ಅಷ್ಟು ನಯವಲ್ಲ. ಆದರೂ ಅದರಲ್ಲೇ ಅದ್ಭುತ ಕೆಲಸ ಮಾಡಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ 12ನೇ ಶತಮಾನದ ಒಂದು ಶಿಲುಬೆಯಲ್ಲಿ 90ಕ್ಕೂ ಹೆಚ್ಚು ಪುಟ್ಟ ಆಕೃತಿಗಳಿವೆ. ಹಲವು ಕೋರೆಗಳ ತುಂಡು ಸೇರಿಸಿ ಮಾಡಿದ್ದು ಅದು.

ಈ ಕೋರೆಗಳು ಎಲ್ಲಿಂದ ಬಂದವು? ಹಳೆಯ ವಾಲ್ರಸ್ ಎಲುಬುಗಳ ಡಿಎನ್‌ಎ ಪರೀಕ್ಷೆ ಮಾಡಿದ ವಿಜ್ಞಾನಿಗಳು 2018ರಲ್ಲಿ ಉತ್ತರ ಕೊಟ್ಟರು. 12ನೇ ಶತಮಾನದಿಂದ ಹೆಚ್ಚಿನವು ಗ್ರೀನ್‌ಲ್ಯಾಂಡಿನ ಕಡೆಯವು.

ಹಿಮದ ನಾಡಿನ ರೈತರು

985ರ ಸುಮಾರಿಗೆ ಐಸ್‌ಲ್ಯಾಂಡಿನಿಂದ ಹೋದ ಜನ ಗ್ರೀನ್‌ಲ್ಯಾಂಡಿನಲ್ಲಿ ನೆಲೆಸಿದರು. ಹಸು, ಕುರಿ, ಮೇಕೆ ಸಾಕುವ ರೈತರು. ಕಬ್ಬಿಣ, ಒಳ್ಳೆಯ ಮರ ಎಲ್ಲ ಹೊರಗಿನಿಂದ ಬರಬೇಕು. ಕೊಂಡುಕೊಳ್ಳಲು ಅವರ ಬಳಿ ಇದ್ದ ಬೆಲೆಬಾಳುವ ಸರಕು ವಾಲ್ರಸ್ ಕೋರೆ. ಬೇಸಿಗೆಯಲ್ಲಿ ಗಂಡಸರು ದೋಣಿಯಲ್ಲಿ ನೂರಾರು ಕಿಲೋಮೀಟರ್ ಉತ್ತರಕ್ಕೆ ಬೇಟೆಗೆ ಹೋಗುತ್ತಿದ್ದರು.

ತಮಗೊಬ್ಬ ಬಿಷಪ್ ಬೇಕೆಂದು ಅವರು ನಾರ್ವೆಯ ರಾಜನಿಗೆ ಹಿಮಕರಡಿಯನ್ನು ಉಡುಗೊರೆ ಕೊಟ್ಟರು ಎಂದು ಹಳೆಯ ಕಥನವೊಂದು ಹೇಳುತ್ತದೆ. ಬಿಷಪ್ ಬಂದರು, ಗಾರ್ದರ್ ಎಂಬಲ್ಲಿ ದೊಡ್ಡ ಚರ್ಚ್ ಎದ್ದಿತು. ಬಿಷಪ್ಪರ ಜೊತೆ ತೆರಿಗೆಯೂ ಬಂತು. 1327ರಲ್ಲಿ ಪೋಪರಿಗೆ ಸಲ್ಲಬೇಕಾದ ತೆರಿಗೆಯನ್ನು ಅವರು ಕೋರೆಗಳ ರೂಪದಲ್ಲೇ ಕಟ್ಟಿದ ದಾಖಲೆ ಇದೆ.

ಅಷ್ಟರಲ್ಲಿ ಮಾರುಕಟ್ಟೆ ಬದಲಾಗಿತ್ತು. 13ನೇ ಶತಮಾನದ ಮಧ್ಯದಿಂದ ಆಫ್ರಿಕಾದ ಆನೆದಂತ ಉತ್ತರಕ್ಕೆ ಹೆಚ್ಚಾಗಿ ಬರತೊಡಗಿತು. ಬಟ್ಟೆಗೆ ಬಣ್ಣ ಹಿಡಿಸುವ ಪಟಿಕವನ್ನು ಸಮುದ್ರದಲ್ಲಿ ಸಾಗಿಸುತ್ತಿದ್ದ ದಾರಿಯಲ್ಲೇ ದಂತವೂ ಬಂತು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಅಗಲವಾದ, ನಯವಾದ ಆನೆದಂತ ಕೈಗೆ ಸಿಕ್ಕ ಮೇಲೆ ಪ್ಯಾರಿಸ್ಸಿನವರು ವಾಲ್ರಸ್ ಕೋರೆ ಯಾಕೆ ಕೇಳುತ್ತಾರೆ?

ಬೇಡಿಕೆ ಇಳಿದರೆ ಬೇಟೆ ನಿಲ್ಲಬೇಕಿತ್ತು. ಆಗಿದ್ದು ತಿರುಗಾಮುರುಗಾ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ನಂತರದ ಕಾಲದ ಕೋರೆಗಳು ಸಣ್ಣ ಪ್ರಾಣಿಗಳವು, ಹೆಚ್ಚಾಗಿ ಹೆಣ್ಣಿನವು, ಇನ್ನೂ ದೂರದ ಉತ್ತರದವು. ಅಂದರೆ ಹತ್ತಿರದ ದೊಡ್ಡ ಪ್ರಾಣಿಗಳು ಮುಗಿಯುತ್ತಿದ್ದವು. ಬೆಲೆ ಬಿದ್ದಾಗ ಅದೇ ಆದಾಯಕ್ಕೆ ಹೆಚ್ಚು ಸರಕು ತರಬೇಕು. ಬೆಳೆ ಮಾರುವವರಿಗೆ ಈ ಲೆಕ್ಕ ನಾವು ಬಿಡಿಸಿ ಹೇಳಬೇಕಿಲ್ಲ.

ಗ್ರೀನ್‌ಲ್ಯಾಂಡಿನ ಪಶ್ಚಿಮದ ನೆಲೆ 14ನೇ ಶತಮಾನದಲ್ಲೇ ಖಾಲಿಯಾಯಿತು. ಪೂರ್ವದ ನೆಲೆಯ ಬಗ್ಗೆ ನಮಗೆ ಸಿಗುವ ಕೊನೆಯ ಬರಹ 1408ರದು. ಹ್ವಾಲ್ಸಿ ಎಂಬಲ್ಲಿನ ಚರ್ಚಿನಲ್ಲಿ ನಡೆದ ಒಂದು ಮದುವೆಯ ದಾಖಲೆ ಅದು. ಹೆಚ್ಚಿದ ಚಳಿ, ನಾರ್ವೆಗೆ ಬಡಿದ ಪ್ಲೇಗು, ನಿಂತುಹೋದ ಹಡಗುಗಳು ಇವೂ ಕಾರಣ ಅನ್ನುತ್ತಾರೆ. ದಂತವೊಂದೇ ಆ ನಾಡನ್ನು ಮುಳುಗಿಸಿತು ಎಂದು ನಾವು ಹೇಳುವುದಿಲ್ಲ. ಆದರೆ ಕಷ್ಟ ಬಂದಾಗ ಮಾರಲು ಅವರ ಕೈಯಲ್ಲಿ ಕೋರೆಗೆ ಸಾಟಿಯಾದ ಇನ್ನೊಂದು ಸರಕು ಇರಲಿಲ್ಲ.

ಹ್ವಾಲ್ಸಿ ಚರ್ಚಿನ ಕಲ್ಲಿನ ಗೋಡೆಗಳು ಇಂದಿಗೂ ನಿಂತಿವೆ, ಮಾಡಿಲ್ಲ. ಮೊಬೈಲಿನಲ್ಲಿ ಆ ಚಿತ್ರವನ್ನೂ ಪ್ಯಾರಿಸ್ಸಿನ ಮರಿಯಮ್ಮನ ಚಿತ್ರವನ್ನೂ ಹುಡುಕಿ, ಒಂದರ ಪಕ್ಕ ಒಂದಿಟ್ಟು ನೋಡಿ. ಎರಡೂ ಒಂದೇ ಇತಿಹಾಸದವು.