ಸಂಧಿವಾತ ರೋಗಿಗಳ ಕೃತಕ ಮಂಡಿಕೀಲಿನ ಸೋಂಕು: ಚಿಕಿತ್ಸೆಯ ಇತಿಹಾಸ

ರುಮಟಾಯ್ಡ್ ಸಂಧಿವಾತವೆಂಬುದು ದೇಹದ ರಕ್ಷಣಾವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆರಗಿ ಅವನ್ನು ಕೆಡಿಸುವ ವ್ಯಾಧಿ. ಅದರಿಂದ ಹಾಳಾದ ಮಂಡಿಯಲ್ಲಿ ಕೃತಕ ಕೀಲನ್ನು ಕೂರಿಸಿದ ಮೇಲೆ ಸೋಂಕು ತಗಲುವ ಸಂಭವವು, ರೋಗದ ಸ್ವಭಾವದಿಂದಲೂ ಅದರ ಶಮನಕ್ಕೆ ಕೊಡುವ ಔಷಧಗಳಿಂದಲೂ, ವಯೋಸಹಜವಾಗಿ ಮಂಡಿ ಸವೆದವರಿಗಿಂತ ಅಧಿಕವಾಗಿರುತ್ತದೆ.

ಕೃತಕ ಮಂಡಿಯ ಚರಿತ್ರೆಯ ಮೊದಲ ಪುಟದಲ್ಲೇ ಸೋಂಕು ಕಾಣಿಸಿಕೊಂಡಿತು. 1890ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಥೆಮಿಸ್ಟೊಕ್ಲಿಸ್ ಗ್ಲುಕ್, ಕ್ಷಯದಿಂದ ಕೆಟ್ಟ ಮಂಡಿಗೆ ದಂತದ ಕೀಲನ್ನು ಜೋಡಿಸಿದನು. ಸೋಂಕಿನಿಂದ ಆ ಯತ್ನವು ವಿಫಲವಾಯಿತು. 1950ರ ದಶಕದಲ್ಲಿ ಸ್ವೀಡನ್ನಿನ ವಾಲ್ಡಿಯಸ್ ಮೊದಲಾದವರು ತಿರುಗಣಿ ಮಾದರಿಯ ಕೀಲುಗಳನ್ನು ಬಳಕೆಗೆ ತಂದ ಮೇಲೂ, ಸೋಂಕು ಆಳಕ್ಕಿಳಿದರೆ ಕೀಲನ್ನು ಕಿತ್ತು ಎಲುಬುಗಳನ್ನು ಬೆಸೆಯುವುದು, ಇಲ್ಲವೆ ಕಾಲನ್ನೇ ಕತ್ತರಿಸುವುದು, ಬಹುಮಟ್ಟಿಗೆ ಇವೇ ಉಳಿದ ದಾರಿಗಳಾಗಿದ್ದುವು. ಬೆರಳುಗಳು ಸೊಟ್ಟಗಾಗಿ ಊರುಗೋಲನ್ನು ಹಿಡಿಯಲಾರದ, ಮತ್ತೊಂದು ಮಂಡಿಯೂ ಸೊಂಟವೂ ಕುಸಿದಿರುವ ಸಂಧಿವಾತದ ರೋಗಿಗೆ, ಮಡಿಸಲಾಗದ ಕಾಲೆಂದರೆ ಕುರ್ಚಿಯಿಂದೇಳುವ ಸ್ವಾತಂತ್ರ್ಯವನ್ನೂ ಕಳೆದುಕೊಂಡಂತೆಯೇ ಸರಿ.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಸಂಧಿವಾತಕ್ಕೆ ಮೊದಲು ಪ್ರಯೋಗಿಸಿದ ಕಾರ್ಟಿಸೋನ್ ನೋವನ್ನು ಬೆರಗಾಗುವಷ್ಟು ತಗ್ಗಿಸಿತಾದರೂ, ಅಂಥ ಸ್ಟೀರಾಯ್ಡುಗಳು ಪ್ರತಿರೋಧಶಕ್ತಿಯನ್ನು ಕುಗ್ಗಿಸುವುದಲ್ಲದೆ ಜ್ವರವನ್ನೂ ಮರೆಮಾಚುವುದರಿಂದ ಸೋಂಕನ್ನು ಗುರುತಿಸುವುದು ಕಷ್ಟತರವಾಯಿತು.

ಲೋಹದ ಮೇಲ್ಮೈಗೆ ಅಂಟಿದ ಸ್ಟ್ಯಾಫಿಲೊಕಾಕಸ್ ಮುಂತಾದ ಜೀವಾಣುಗಳು, ನೀರಿನೊಳಗಿನ ಕಲ್ಲಿಗೆ ಪಾಚಿ ಹಿಡಿದಂತೆ, ಲೋಳೆಯ ಪದರವನ್ನು ಹೊದ್ದುಕೊಳ್ಳುವುದರಿಂದ, ರಕ್ತದ ಮೂಲಕ ಬರುವ ಔಷಧಕ್ಕೆ ಅವು ಸುಲಭವಾಗಿ ಮಣಿಯವು. ಆದುದರಿಂದಲೇ ಹ್ಯಾಂಬರ್ಗಿನ ಬುಕ್‌ಹೋಲ್ಟ್ಸ್, ಕೀಲನ್ನು ಎಲುಬಿಗೆ ಅಂಟಿಸುವ ಸಿಮೆಂಟಿನಲ್ಲಿಯೇ ಜೆಂಟಮೈಸಿನ್ ಎಂಬ ಪ್ರತಿಜೀವಕವನ್ನು ಬೆರೆಸುವ ಕ್ರಮವನ್ನು 1970ರಲ್ಲಿ ಪ್ರಕಟಿಸಿದುದು ಮಹತ್ತ್ವದ ಹೆಜ್ಜೆಯೆನಿಸಿತು. ಒಂದೇ ಶಸ್ತ್ರಕ್ರಿಯೆಯಲ್ಲಿ ಹಳೆಯ ಕೀಲನ್ನು ತೆಗೆದು ಹೊಸದನ್ನಿಡುವ ಪದ್ಧತಿಯನ್ನು ಬೆಳೆಸಿದವನೂ ಅವನೇ. 1983ರಲ್ಲಿ ನ್ಯೂಯಾರ್ಕಿನ ಜಾನ್ ಇನ್ಸಾಲ್ ಮತ್ತು ಸಹವೈದ್ಯರು ಎರಡು ಹಂತಗಳ ಮಾರ್ಗವನ್ನು ವಿವರಿಸಿದರು: ಕೀಲನ್ನೂ ಸಿಮೆಂಟನ್ನೂ ಪೂರ್ಣವಾಗಿ ತೆಗೆದು, ಆರು ವಾರ ರಕ್ತನಾಳದ ಮೂಲಕ ಪ್ರತಿಜೀವಕವನ್ನು ಕೊಟ್ಟು, ತರುವಾಯ ಹೊಸ ಕೀಲನ್ನು ಕೂರಿಸುವುದು. ನಡುವಣ ತೆರಪಿನಲ್ಲಿ ಔಷಧ ಬೆರೆತ ಸಿಮೆಂಟಿನ ಅಚ್ಚನ್ನಿಡುವ ರೂಢಿಯೂ ಬಳಿಕ ನೆಲೆಗೊಂಡಿತು. ತಡವಾಗಿ ಪತ್ತೆಯಾದ ಸೋಂಕಿಗೆ ಈ ದೀರ್ಘ ಮಾರ್ಗವು ರೋಗಿಯನ್ನು ಎಷ್ಟೇ ದಣಿಸಿದರೂ ಬಹುಕಾಲ ಪ್ರಮಾಣವೆನಿಸಿತು.

ಹೊಸದಾಗಿ ತಗಲಿದ ಸೋಂಕಿನಲ್ಲಿ, ಕೀಲು ಭದ್ರವಾಗಿದ್ದರೆ, ಅದನ್ನು ಉಳಿಸಿಕೊಂಡು ಒಳಗನ್ನು ತೊಳೆದು ಪ್ಲಾಸ್ಟಿಕ್ ಬಿಲ್ಲೆಯನ್ನು ಮಾತ್ರ ಬದಲಿಸುವುದುಂಟು. ಅಂಥ ಸ್ಟ್ಯಾಫಿಲೊಕಾಕಸ್ ಸೋಂಕುಗಳಲ್ಲಿ ರಿಫಾಂಪಿಸಿನ್ನನ್ನು ಮತ್ತೊಂದು ಔಷಧದೊಡನೆ ಸೇರಿಸುವುದರ ಪ್ರಯೋಜನವನ್ನು 1998ರಲ್ಲಿ ಸ್ವಿಟ್ಜರ್ಲೆಂಡಿನ ತ್ಸಿಮ್ಮರ್ಲಿ ಮತ್ತು ಸಂಗಡಿಗರು ತೋರಿಸಿದರು. ಇನ್ನು ಸೋಂಕನ್ನು ತಡೆಯುವ ದೃಷ್ಟಿಯಿಂದ, 2017ರ ಅಮೆರಿಕದ ಮಾರ್ಗಸೂಚಿಯು ಕೀಲು ಬದಲಿಸುವ ಮುನ್ನ ಸಂಧಿವಾತದ ಔಷಧಗಳಲ್ಲಿ ಮೆಥೊಟ್ರೆಕ್ಸೇಟನ್ನು ಮುಂದುವರಿಸಿ, ಜೈವಿಕ ಔಷಧಗಳನ್ನು ತಡೆಹಿಡಿಯಬೇಕೆಂದಿತು.

ಬದಲಿಸಿದ ಮಂಡಿ ಹಠಾತ್ತನೆ ಊದಿಕೊಂಡು ಬಿಸಿಯಾದಾಗ ಅದನ್ನು ಹಳೆಯ ವಾತದ ಉಲ್ಬಣವೆಂದು ತಿಳಿದು ಕಾಲಹರಣ ಮಾಡುವುದು ಇಂದಿಗೂ ಕಾಣುವ ಪ್ರಮಾದ. ರೋಗಿಯ ಸ್ಥಿತಿ ತೀವ್ರವಾಗಿರದಿದ್ದರೆ, ಪ್ರತಿಜೀವಕವನ್ನು ಆರಂಭಿಸುವ ಮೊದಲೇ ಕೀಲಿನ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷಿಸತಕ್ಕದ್ದು.