ಹಳಬರ ಸುಪ್ರಭಾತ

ಸೊರಬ ತಾಲ್ಲೂಕಿನ ಉಳವಿಯಂತಹ ಊರುಗಳಿಗೆ ಸಿನಿಮಾಕ್ಕಿಂತ ಮೊದಲು ಸಿನಿಮಾದ ಹಾಡು ಬರುತ್ತಿತ್ತು. ಚಿತ್ರ ನೋಡಬೇಕಾದರೆ ಪೇಟೆಗೆ ಹೋಗಬೇಕು. ಹಾಡು ಕೇಳಲು ಭದ್ರಾವತಿ ಆಕಾಶವಾಣಿ ಸಾಕಾಗಿತ್ತು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟುಗಳು ಹಳ್ಳಿಗಳನ್ನೂ ತಲುಪಿದ ಮೇಲೆ ಈ ಲೆಕ್ಕಾಚಾರ ಬದಲಾಯಿತು. ರೇಡಿಯೊದಲ್ಲಿ ಬಿತ್ತರವಾದದ್ದನ್ನು ಕೇಳುವುದಷ್ಟೇ ಕೇಳುಗನ ಪಾಲು. ಕ್ಯಾಸೆಟ್ಟಿಗಾದರೋ ಅವನು ಕೈಯಿಂದ ಹಣ ಕೊಡಬೇಕು. ಹಳೆಯ ಸಂಗೀತ ನಿರ್ದೇಶಕರಿಗೆ ಇದು ಹೊಸ ಪರೀಕ್ಷೆಯಾಯಿತು.

ಆ ಪರೀಕ್ಷೆಯನ್ನು ಎದುರಿಸಿದವರಲ್ಲಿ ಮೈಸೂರಿನ ಸಹೋದರರಾದ ರಾಜನ್-ನಾಗೇಂದ್ರ ಪ್ರಮುಖರು. ಅಣ್ಣ ರಾಜನ್ ಪಿಟೀಲು ಕಲಿತವರು, ತಮ್ಮ ನಾಗೇಂದ್ರ ಜಲತರಂಗ ಕಲಿತವರು. ಐವತ್ತರ ದಶಕದ ಆರಂಭದಲ್ಲಿ ಬಿ. ವಿಠ್ಠಲಾಚಾರ್ಯರ ‘ಸೌಭಾಗ್ಯಲಕ್ಷ್ಮಿ’ಯ ಮೂಲಕ ಚಿತ್ರರಂಗಕ್ಕೆ ಬಂದರು. ‘ಗಂಧದ ಗುಡಿ’ (1973), ‘ಎರಡು ಕನಸು’ (1974), ‘ಪರಸಂಗದ ಗೆಂಡೆತಿಮ್ಮ’ (1978) ಚಿತ್ರಗಳ ಹೊತ್ತಿಗೆ ಅವರ ಹೆಸರು ಇಂಪಾದ ಹಾಡಿಗೆ ಪರ್ಯಾಯ ಪದವೇ ಆಗಿಹೋಗಿತ್ತು.

ಅಷ್ಟರಲ್ಲಿ 1987ರಲ್ಲಿ ರವಿಚಂದ್ರನ್ ಅವರ ‘ಪ್ರೇಮಲೋಕ’ ಬಂತು. ಸಾಹಿತ್ಯ, ಸಂಗೀತ ಎರಡೂ ಹಂಸಲೇಖರದು. ಅದರ ತಾಳದ ವೇಗ, ಆಡುಮಾತಿನ ತುಂಟತನ, ಹಾಡಿನಲ್ಲೇ ಕಥೆ ಹೇಳುವ ರೀತಿ ಇವೆಲ್ಲ ಕನ್ನಡಕ್ಕೆ ಹೊಸವು. ಯುವಕರ ಕಿವಿ ಅತ್ತ ತಿರುಗಿತು. ಐವತ್ತು ದಾಟಿದ ಸಹೋದರರ ಮುಂದೆ ಎರಡು ದಾರಿಗಳಿದ್ದವು. ಹೊಸ ಧಾಟಿಯನ್ನು ಅನುಕರಿಸುವುದು ಒಂದು. ತಮ್ಮದೇ ಹಳೆಯ ಹಾಡುಗಳನ್ನು ಮತ್ತೆ ಮತ್ತೆ ಮಾಡುವುದು ಇನ್ನೊಂದು.

1988ರ ‘ಸುಪ್ರಭಾತ’ದಲ್ಲಿ ಅವರು ಎರಡನ್ನೂ ಮಾಡಲಿಲ್ಲ. ಛಾಯಾಗ್ರಾಹಕ ದಿನೇಶ್ ಬಾಬು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ಅದು. ವಿಷ್ಣುವರ್ಧನ್, ಸುಹಾಸಿನಿ ಅಭಿನಯದ ಮೆಲುದನಿಯ ಪ್ರೇಮಕಥೆ. ಗಾಯಕರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಹಳಬರು. ಅವರ ಜೊತೆಗೆ ಎಸ್. ಜಾನಕಿಯವರ ಬದಲು ಕೆ.ಎಸ್. ಚಿತ್ರಾ ಅವರ ಎಳೆಯ ಕಂಠ ಬಂತು. ಆದರೆ ರಾಗವೇ ಮೊದಲು, ವಾದ್ಯಗಳು ಅದರ ಹಿಂದೆ ಎಂಬ ನಿಯಮವನ್ನು ಮಾತ್ರ ಅವರು ಬಿಡಲಿಲ್ಲ. ‘ಪ್ರೇಮಲೋಕ’ದ ಪಕ್ಕದಲ್ಲೇ ‘ಸುಪ್ರಭಾತ’ದ ಹಾಡುಗಳೂ ಮನೆ ಮನೆಯಲ್ಲಿ ಉಳಿದವು. ಕೇಳುಗನಿಗೆ ಎರಡೂ ಬೇಕಾಗಿದ್ದವು.

ಪಾಶ್ಚಾತ್ಯ ಜಗತ್ತಿನಲ್ಲಿ ಹಳೆಯ ತಂಡವೊಂದು ಮರಳಿ ಬಂದರೆ ಅದೇ ಒಂದು ಸುದ್ದಿ. ಸ್ವೀಡನ್ನಿನ ‘ಅಬ್ಬಾ’ ತಂಡ 1981ರ ಬಳಿಕ ತನ್ನ ಮುಂದಿನ ಹೊಸ ಆಲ್ಬಂ ಹೊರತಂದದ್ದು ನಲವತ್ತು ವರ್ಷಗಳ ನಂತರ, 2021ರಲ್ಲಿ. ನಮ್ಮ ಚಿತ್ರಸಂಗೀತದಲ್ಲಿ ಅಂತಹ ವಿದಾಯವೂ ಇಲ್ಲ, ಘೋಷಣೆಯೂ ಇಲ್ಲ. ಸಂಗೀತ ನಿರ್ದೇಶಕ ತಾನಾಗಿ ಹೋಗುವುದಿಲ್ಲ. ನಿರ್ಮಾಪಕರು ಕರೆಯುವುದು ಕಡಿಮೆಯಾಗುತ್ತದೆ, ಅಷ್ಟೆ. ಆದ್ದರಿಂದ ಇಲ್ಲಿ ಹಳಬರು ಮತ್ತೆ ಗೆದ್ದದ್ದು ಕೂಡ ಸದ್ದಿಲ್ಲದೆ ನಡೆದುಹೋಗುತ್ತದೆ. ಚರಿತ್ರೆ ಬರೆಯುವವರ ಕಣ್ಣಿಗೂ ಅದು ಸುಲಭವಾಗಿ ಬೀಳುವುದಿಲ್ಲ.

‘ಸುಪ್ರಭಾತ’ ಕಾಲವನ್ನು ಹಿಂದಕ್ಕೆ ತಿರುಗಿಸಲಿಲ್ಲ ಎಂಬುದೂ ನಿಜ. ಮುಂದಿನ ದಶಕ ಹಂಸಲೇಖರದೇ ಆಯಿತು. ನಾಗೇಂದ್ರ 2000ರಲ್ಲಿ, ರಾಜನ್ 2020ರಲ್ಲಿ ತೀರಿಕೊಂಡರು. ಆದರೆ ಕಳೆದುಕೊಂಡ ಪಟ್ಟವನ್ನು ಮರಳಿ ಪಡೆಯುವುದೊಂದೇ ಗೆಲುವಲ್ಲ. ಪಟ್ಟ ಕೈತಪ್ಪುತ್ತಿರುವುದು ಗೊತ್ತಿದ್ದೂ ಗಾಬರಿಯಾಗದೆ, ತಮಗೆ ಬರುವ ಕೆಲಸವನ್ನು ತಾವು ಅಲ್ಲಿಯವರೆಗೆ ಮಾಡಿದ್ದಕ್ಕೆ ಸರಿದೂಗುವಂತೆ ಮಾಡಿದರಲ್ಲ, ಅದು ದೊಡ್ಡದು. ಹೊಸಬರ ಅಬ್ಬರದ ನಡುವೆಯೂ ಕೇಳುಗರು ಆ ಕ್ಯಾಸೆಟ್ಟಿಗೆ ಹಣ ಕೊಟ್ಟದ್ದು ಹಳೆಯ ಹೆಸರಿನ ಮೇಲಿನ ಮರುಕದಿಂದಲ್ಲ, ಹಾಡು ಚೆನ್ನಾಗಿದ್ದುದರಿಂದ.